ಯಾರ ವಶದಲ್ಲಿದೆ? ಭ್ರಮೆ ಹರಿದ ಮೇಲಿನ ಲೆಕ್ಕ

(ನಾಗಪುರದಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಸ್ನೇಹಕೂಟದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇತ್ತೀಚಿನ ವರ್ಷಗಳಲ್ಲಿ ನಾಲ್ಕು ಕುಟುಂಬಗಳು ಒಂದೆಡೆ ಸೇರಿದರೆ ಮಾತು ಬಹುಬೇಗ ನಿರಾಶೆಯ ಕಡೆಗೆ ಹೊರಳುತ್ತದೆ. ಒಂದು ಕಾಲಕ್ಕೆ ಚುನಾವಣೆಯ ಫಲಿತಾಂಶಕ್ಕಾಗಿ ದಿನವಿಡೀ ದೂರದರ್ಶನದ ಮುಂದೆ ಕುಳಿತವರು ಈಗ ಪತ್ರಿಕೆಯ ಮೊದಲ ಪುಟವನ್ನು ದಾಟಿ ಒಳಪುಟಕ್ಕೆ ಹೋಗುತ್ತಾರೆ. ವ್ಯಾಪಾರ ಬೆಳೆದಂತೆ ದೇಶಗಳ ನಡುವಿನ ಹಗೆ ಅಳಿಯುವುದೆಂದು ನಂಬಿದ್ದವರು ಉಕ್ರೇನಿನ, ಗಾಜಾದ ಚಿತ್ರಗಳನ್ನು ಕಂಡು ಮೌನವಾಗುತ್ತಾರೆ. ಅಂಗೈಯೊಳಗಿನ ಯಂತ್ರ ಬಾಳನ್ನು ಹಗುರಗೊಳಿಸುವುದೆಂದು ಹರ್ಷಿಸಿದ್ದವರು ಅಪರಿಚಿತ ಸಂಖ್ಯೆಯಿಂದ ಕರೆ ಬಂದರೆ ಬೆದರುತ್ತಾರೆ. ಅಧಿಕಾರ, ಜಗತ್ತು, ತಂತ್ರಜ್ಞಾನ ಈ ಮೂರರ ಮೇಲೆ ಇಟ್ಟಿದ್ದ ವಿಶ್ವಾಸವೂ ಏಕಕಾಲಕ್ಕೆ ಸಡಿಲಗೊಂಡಿದೆ.

ಈ ಸ್ಥಿತಿಗೆ ಕನ್ನಡದಲ್ಲಿ ಭ್ರಮನಿರಸನ ಎಂಬ ಹೆಸರಿದೆ. ಪದವನ್ನು ಬಿಡಿಸಿ ನೋಡಿದರೆ ಅದರಲ್ಲಿ ದುಃಖದ ಅರ್ಥವೇ ಇಲ್ಲ. ಭ್ರಮೆ ನಿವಾರಣೆಯಾಯಿತು ಎಂದಷ್ಟೇ ಅದರ ಅರ್ಥ. ತತ್ತ್ವವನ್ನು ಇದ್ದಂತೆ ಕಂಡು ನಂಬುವುದನ್ನು ಸಮ್ಯಗ್ದರ್ಶನವೆಂದು ಕರೆದು ಮೋಕ್ಷಮಾರ್ಗದ ಮೊದಲಿಗೆ ಇಟ್ಟ ಪರಂಪರೆಯವರಿಗೆ ಭ್ರಮೆ ಹರಿಯುವುದು ಅಶುಭವಾಗಬೇಕಿಲ್ಲ. ಪ್ರಶ್ನೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಭ್ರಮೆ ಹರಿದವರಲ್ಲಿ ಕೆಲವರು ಎಲ್ಲರೂ ಕಳ್ಳರೆಂದು ತೀರ್ಮಾನಿಸಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಕೆಲವರು ಒಬ್ಬ ನಾಯಕನನ್ನು ಬಿಟ್ಟು ಇನ್ನೊಬ್ಬನ ಬೆನ್ನು ಹತ್ತುತ್ತಾರೆ. ಎರಡು ದಾರಿಯಲ್ಲೂ ಲೆಕ್ಕ ನೋಡುವ ಕೆಲಸ ತಪ್ಪಿಹೋಗುತ್ತದೆ.

ಲೆಕ್ಕಪರಿಶೋಧನೆಯ ವೃತ್ತಿಯಲ್ಲಿ ಒಂದು ಹಳೆಯ ಪ್ರಶ್ನೆಯಿದೆ. ಪುಸ್ತಕದಲ್ಲಿ ಆಸ್ತಿಯೆಂದು ಬರೆದಿದೆ, ಸರಿ. ಅದು ಈಗ ಯಾರ ವಶದಲ್ಲಿದೆ? ಈ ಒಂದು ಪ್ರಶ್ನೆಯನ್ನು ಹಿಡಿದು ಅಧಿಕಾರವನ್ನೂ ಜಗತ್ತಿನ ವ್ಯವಹಾರವನ್ನೂ ತಂತ್ರಜ್ಞಾನವನ್ನೂ ನೋಡುವುದು ಇಂದಿನ ಉಪನ್ಯಾಸದ ಉದ್ದೇಶ. ಕೊನೆಗೆ ಅದೇ ಪ್ರಶ್ನೆಯನ್ನು ಸಮಾಜದ ಸ್ವಂತ ಸಂಸ್ಥೆಗಳಿಗೂ ಕೇಳಬೇಕಾಗುತ್ತದೆ.

ರಾಜಧಾನಿಯಾಗಿದ್ದ ಊರು

ಅಧಿಕಾರದ ಮಾತಿಗೆ ನಾಗಪುರಕ್ಕಿಂತ ಉತ್ತಮ ಪಾಠಶಾಲೆ ಬೇಕಿಲ್ಲ. 1920ರ ಡಿಸೆಂಬರಿನಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ಕೂಡಿದಾಗ ಕರ್ನಾಟಕದ ಭಾಗಗಳಿಂದ ನೂರಾರು ಪ್ರತಿನಿಧಿಗಳು ಬಂದಿದ್ದರು. ಭಾಷೆಯ ಆಧಾರದ ಮೇಲೆ ಪ್ರಾಂತ ಸಮಿತಿಗಳನ್ನು ರಚಿಸುವ ನಿಯಮಾವಳಿ ಆ ಅಧಿವೇಶನದಲ್ಲಿ ಅಂಗೀಕಾರವಾಯಿತು. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ಕರ್ನಾಟಕವೆಂಬ ಹೆಸರಿನ ಪ್ರತ್ಯೇಕ ಪ್ರಾಂತ ಸಮಿತಿ ದೊರೆತದ್ದು ಹೀಗೆ. ಆ ಬೀಜ ಫಲಿಸಿದ್ದು 1956ರ ನವೆಂಬರ್ 1ರಂದು. ಕನ್ನಡ ಕುಟುಂಬಗಳು ಎಲ್ಲಿದ್ದರೂ ರಾಜ್ಯೋತ್ಸವವೆಂದು ಆಚರಿಸುವ ದಿನ ಅದು. ಅದೇ ದಿನ ನಾಗಪುರ ತನ್ನ ರಾಜಧಾನಿಯ ಸ್ಥಾನವನ್ನು ಕಳೆದುಕೊಂಡಿತು. ಹಳೆಯ ಮಧ್ಯಪ್ರದೇಶದ ಎಂಟು ಮರಾಠಿ ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಸೇರಿದವು, ಮಧ್ಯಪ್ರದೇಶದ ಗದ್ದುಗೆ ಭೋಪಾಲಕ್ಕೆ ಹೋಯಿತು. ಭಾಷಾವಾರು ಪ್ರಾಂತಗಳ ವಿಚಾರಕ್ಕೆ ಮಣೆ ಹಾಕಿದ ಊರೇ ಆ ವಿಚಾರ ಗೆದ್ದ ದಿನ ಗದ್ದುಗೆಯಿಂದ ಇಳಿಯಿತು.

ಇಳಿಯುವ ಊರಿಗೆ ಮೊದಲೇ ಒಂದು ವಚನ ದೊರೆತಿತ್ತು. 1953ರ ಸೆಪ್ಟೆಂಬರ್ 28ರಂದು ಮರಾಠಿ ಪ್ರದೇಶಗಳ ನಾಯಕರು ಸಹಿ ಮಾಡಿದ ನಾಗಪುರ ಒಪ್ಪಂದದಲ್ಲಿ ಹಲವು ಮಾತುಗಳಿದ್ದವು. ವರ್ಷಕ್ಕೊಮ್ಮೆ ವಿಧಾನಮಂಡಲದ ಅಧಿವೇಶನ ನಾಗಪುರದಲ್ಲಿ ನಡೆಯಬೇಕು. ಅಭಿವೃದ್ಧಿಯ ವೆಚ್ಚ ಜನಸಂಖ್ಯೆಯ ಪ್ರಮಾಣಕ್ಕೆ ಹೊಂದಿರಬೇಕು. ಮೊದಲನೆಯದು ಕಣ್ಣಿಗೆ ಕಾಣುವ ಮಾತು, ಅದು ಇಂದಿಗೂ ಬಹುಪಾಲು ನಡೆದುಬಂದಿದೆ. ಚಳಿಗಾಲದಲ್ಲಿ ಮಂತ್ರಿಗಳು, ಕಾರುಗಳು, ಮೋರ್ಚಾಗಳು ಬರುತ್ತವೆ, ಕೆಲವು ವಾರಗಳಲ್ಲಿ ಹಿಂತಿರುಗುತ್ತವೆ. ಎರಡನೆಯದು ಅಳೆಯಬೇಕಾದ ಮಾತು. ಅದನ್ನು ಅಳೆದು ನೋಡಿದ 1984ರ ದಾಂಡೇಕರ್ ಸಮಿತಿ ವಿದರ್ಭಕ್ಕೂ ಮರಾಠವಾಡಕ್ಕೂ ಬರಬೇಕಾದ ಬಾಕಿ ಎಷ್ಟೆಂದು ಪಟ್ಟಿಮಾಡಬೇಕಾಯಿತು. ಆಚರಣೆಯ ರೂಪದ ವಚನವನ್ನು ಪಾಲಿಸುವುದು ಅಧಿಕಾರಕ್ಕೆ ಸುಲಭ. ಅಂಕಿಯ ರೂಪದ ವಚನ ಬಹುಬೇಗ ಬಾಕಿಯ ಕಲಮಿಗೆ ಹೋಗುತ್ತದೆ.

ಭಂಡಾರಾ ಜಿಲ್ಲೆಯಲ್ಲಿ ವೈನಗಂಗಾ ನದಿಗೆ ಕಟ್ಟಿದ ಗೋಸೀಖುರ್ದ್ ಅಣೆಕಟ್ಟನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 1980ರ ದಶಕದ ಆರಂಭದಲ್ಲಿ ಅದರ ಅಂದಾಜು ವೆಚ್ಚ 372 ಕೋಟಿ ರೂಪಾಯಿ. 1988ರ ಏಪ್ರಿಲಿನಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಶಿಲಾನ್ಯಾಸ ಮಾಡಿದರು. 2009ರಲ್ಲಿ ಅದು ರಾಷ್ಟ್ರೀಯ ಯೋಜನೆಯೆಂದು ಘೋಷಿತವಾಯಿತು. ಪರಿಷ್ಕೃತ ಅಂದಾಜು 18 ಸಾವಿರ ಕೋಟಿಯನ್ನು ದಾಟಿದ ಮೇಲೂ, ನೀರು ತಲುಪಬೇಕಾದ ಎರಡೂವರೆ ಲಕ್ಷ ಹೆಕ್ಟೇರಿನ ಕಾಲುವೆಗಳ ಕೆಲಸ ಪೂರ್ಣವಾಗಿರಲಿಲ್ಲ. ಈ ಅವಧಿಯಲ್ಲಿ ಎಲ್ಲ ಮುಖ್ಯ ಪಕ್ಷಗಳೂ ದಿಲ್ಲಿಯಲ್ಲಿಯೋ ಮುಂಬಯಿಯಲ್ಲಿಯೋ ಆಳಿವೆ. ಆದುದರಿಂದ ಒಂದು ಪಕ್ಷದ ಮೇಲಿನ ಸಿಟ್ಟಿನಿಂದ ಈ ಲೆಕ್ಕ ಸರಿಹೋಗುವುದಿಲ್ಲ.

ಗಡಿಯ ಪ್ರಶ್ನೆಯೂ ಇದೇ ಜಾತಿಯದು. ನಾಗಪುರದ ಕನ್ನಡ ಜೈನ ಕುಟುಂಬಗಳಲ್ಲಿ ಅನೇಕರ ನೆಂಟರು ಸಾಂಗ್ಲಿ, ಕೊಲ್ಲಾಪುರ, ನಿಪ್ಪಾಣಿ, ಬೆಳಗಾವಿಗಳ ನಡುವೆ ಹಂಚಿಹೋಗಿದ್ದಾರೆ. ಒಂದೇ ಮನೆಯಲ್ಲಿ ಅತ್ತೆಯ ಮಾತು ಕನ್ನಡ, ಸೊಸೆಯ ಮಾತು ಮರಾಠಿ ಆಗಿರುವುದುಂಟು. 2022ರ ಡಿಸೆಂಬರ್ 22ರಂದು ಬೆಳಗಾವಿಯಲ್ಲಿ ಕೂಡಿದ ಕರ್ನಾಟಕದ ವಿಧಾನಮಂಡಲ ಒಂದು ಇಂಚು ನೆಲವನ್ನೂ ಬಿಡುವುದಿಲ್ಲವೆಂಬ ನಿಲುವಿನ ನಿರ್ಣಯ ಮಾಡಿತು. ಐದು ದಿನಗಳ ಬಳಿಕ ನಾಗಪುರದಲ್ಲಿ ಕೂಡಿದ ಮಹಾರಾಷ್ಟ್ರದ ವಿಧಾನಮಂಡಲ 865 ಹಳ್ಳಿಗಳು ತನ್ನವೆಂದು ನಿರ್ಣಯ ಮಾಡಿತು. ಎರಡೂ ಸರ್ವಾನುಮತದವು. ಆದರೆ ಮೊಕದ್ದಮೆ 2004ರಿಂದ ಸರ್ವೋಚ್ಚ ನ್ಯಾಯಾಲಯದ ಮುಂದಿದೆ. ನಿರ್ಣಯಗಳನ್ನು ಮಾಡಿದವರ ವಶದಲ್ಲಿ ವಿಷಯವಿರಲಿಲ್ಲ, ಮತ್ತು ಅದು ಅವರಿಗೆ ತಿಳಿದಿತ್ತು. ಆ ದಿನಗಳಲ್ಲಿ ಬಸ್ಸುಗಳಿಗೆ ಮಸಿ ಬಳಿದವರಿಗೂ ತಿಳಿದಿದ್ದರೆ ಚೆನ್ನಾಗಿತ್ತು.

ಬಾರದ ಸಾಲಪತ್ರಗಳು

ಅಧಿಕಾರವೂ ಹೊಸ ತಂತ್ರಜ್ಞಾನದ ಬೆರಗೂ ಕೈಕೈ ಹಿಡಿದು ನಡೆದ ಒಂದು ಪ್ರಸಂಗವನ್ನು ನಾಗಪುರದವರು ಮರೆಯಲಾರರು. 2000ನೆಯ ಇಸವಿಯ ಸುಮಾರಿಗೆ ಅಂತರ್ಜಾಲದ ಹೆಸರು ಹೇಳಿದರೆ ಸಾಕು, ಬಂಡವಾಳ ಹರಿದುಬರುತ್ತಿದ್ದ ಕಾಲ. ಹೋಮ್ ಟ್ರೇಡ್ ಎಂಬ ದಲ್ಲಾಳಿ ಸಂಸ್ಥೆ ಆಗ ಅಂತರ್ಜಾಲದ ಹಣಕಾಸು ತಾಣವೆಂದು ಮೆರೆಯಿತು. ದೇಶದ ಅತಿ ಪ್ರಿಯ ಕ್ರಿಕೆಟ್ ಆಟಗಾರನೂ ಇಬ್ಬರು ಹಿಂದಿ ಚಿತ್ರನಟರೂ ಅದರ ಜಾಹೀರಾತುಗಳಲ್ಲಿ ಕಾಣಿಸಿಕೊಂಡರು. ಆ ಜಾಹೀರಾತುಗಳನ್ನು ನೋಡಿದವರಿಗೆ ಸಂಸ್ಥೆ ಏನನ್ನು ಮಾರುತ್ತದೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ಈ ಸಂಸ್ಥೆಯೂ ಸೇರಿದಂತೆ ಐದು ದಲ್ಲಾಳಿ ಸಂಸ್ಥೆಗಳ ಮೂಲಕ ನಾಗಪುರ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 2001-02ರಲ್ಲಿ ಸರ್ಕಾರಿ ಸಾಲಪತ್ರಗಳನ್ನು ಕೊಂಡಿತು. ಸರ್ಕಾರಿ ಸಾಲಪತ್ರವೆಂದರೆ ಹೂಡಿಕೆಗಳಲ್ಲೆಲ್ಲ ಸುರಕ್ಷಿತವಾದದ್ದು. ಬ್ಯಾಂಕಿನ ಪುಸ್ತಕದಲ್ಲಿ ಅವು ಆಸ್ತಿಯೆಂದು ಏರಿದವು. ಹಣ ಹೋಯಿತು, ಪತ್ರಗಳು ಬರಲಿಲ್ಲ. 2002ರ ಏಪ್ರಿಲಿನಲ್ಲಿ ವಿಷಯ ಹೊರಬಿದ್ದಾಗ 100 ಕೋಟಿ ರೂಪಾಯಿಗೂ ಮೀರಿದ ಮೊತ್ತ ಕೈತಪ್ಪಿತ್ತು. ರಾಜ್ಯದ ಬೇರೆ ಕೆಲವು ಜಿಲ್ಲಾ ಸಹಕಾರಿ ಬ್ಯಾಂಕುಗಳೂ ನಾವಿಕರ ಭವಿಷ್ಯನಿಧಿಯೂ ಇದೇ ಬಗೆಯ ವ್ಯವಹಾರದಲ್ಲಿ ನಷ್ಟಕ್ಕೆ ಗುರಿಯಾದವು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇಂಥ ಕಡೆಗೇ ಹುಟ್ಟಿದ್ದು. ಆದರೆ ಇಲ್ಲಿ ಕೋಡಂಗಿಯಾದವರು ಕೊಟ್ಟ ನಿರ್ದೇಶಕರಲ್ಲ. ಬೆಳೆಸಾಲಕ್ಕಾಗಿ ಆ ಬ್ಯಾಂಕನ್ನೇ ನಂಬಿದ್ದ ರೈತರು ಮತ್ತು ಠೇವಣಿ ಇಟ್ಟ ಸಾಮಾನ್ಯರು.

ಬ್ಯಾಂಕಿನ ಆಗಿನ ಅಧ್ಯಕ್ಷರು ಶಾಸಕರಾಗಿದ್ದವರು, ಮುಂದೆ ರಾಜ್ಯದ ಸಚಿವರೂ ಆದರು. 2002ರ ನವೆಂಬರಿನಲ್ಲಿ ಆರೋಪಪಟ್ಟಿ ಸಲ್ಲಿಕೆಯಾದ ಮೊಕದ್ದಮೆಯ ತೀರ್ಪು ಹೊರಬಂದದ್ದು 2023ರ ಡಿಸೆಂಬರ್ 22ರಂದು. ಅಧ್ಯಕ್ಷರೂ ಸೇರಿದಂತೆ ಆರು ಮಂದಿಗೆ ಐದು ವರ್ಷಗಳ ಕಾರಾಗೃಹವಾಸ ವಿಧಿಸಲಾಯಿತು. ಮೇಲ್ಮನವಿಯ ಹಕ್ಕು ಅವರಿಗಿದೆ. ಉಚ್ಚ ನ್ಯಾಯಾಲಯದಿಂದ ಅಧ್ಯಕ್ಷರಿಗೆ ಬಳಿಕ ಜಾಮೀನೂ ದೊರೆಯಿತು. ವ್ಯಕ್ತಿಗಳ ವಿಷಯವನ್ನು ನ್ಯಾಯಾಲಯಕ್ಕೇ ಬಿಡುವುದು ಯೋಗ್ಯ. ಕೇಳುಗರು ಗಮನಿಸಬೇಕಾದ ಅಂಕಿ ಬೇರೆ: ಆರೋಪಪಟ್ಟಿಯಿಂದ ತೀರ್ಪಿಗೆ 21 ವರ್ಷ. ಆ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಪದವಿ ಪಡೆದು ಹೊರಬಂದಿರುತ್ತದೆ. ಠೇವಣಿದಾರನಿಗೆ ನ್ಯಾಯಾಲಯ ಕೊನೆಯ ಆಸರೆಯಾಗಬಹುದು, ಮೊದಲ ಕಾವಲಾಗಲಾರದು.

ಮೊದಲ ಕಾವಲು ಕಚೇರಿಯ ಮೇಜಿನ ಮೇಲೆಯೇ ಇತ್ತು. ಹಣ ಕೈಬಿಡುವ ಕ್ಷಣದಲ್ಲೇ ಪತ್ರ ಕೈಸೇರಬೇಕು. ರಿಸರ್ವ್ ಬ್ಯಾಂಕಿನ ಖಾತೆಗಳಲ್ಲಿ ಹಣ ಮತ್ತು ಸಾಲಪತ್ರ ಏಕಕಾಲಕ್ಕೆ ಕೈ ಬದಲಾಗುವ ಪದ್ಧತಿ 1995ರಿಂದಲೇ ನಡೆಯುತ್ತಿತ್ತು. ಅದಕ್ಕೂ ಹಿಂದೆ, 1992ರ ಷೇರು ಹಗರಣದಲ್ಲಿ, ಪತ್ರವಿಲ್ಲದ ಬ್ಯಾಂಕ್ ರಸೀದಿಗಳನ್ನು ನಂಬಿ ದೊಡ್ಡ ಬ್ಯಾಂಕುಗಳೇ ಮುಗ್ಗರಿಸಿದ್ದವು. ಹತ್ತು ವರ್ಷದ ಹಿಂದಿನ ಪಾಠ ಕಣ್ಣ ಮುಂದಿದ್ದರೂ ಸಹಕಾರಿ ಬ್ಯಾಂಕಿನ ಮೇಜಿನ ಮೇಲೆ ದಲ್ಲಾಳಿಯ ವ್ಯವಹಾರ ಚೀಟಿಯೇ ಸಾಲಪತ್ರದ ಸ್ಥಾನದಲ್ಲಿ ಕುಳಿತಿತು. ಪತ್ರ ಯಾರ ವಶದಲ್ಲಿದೆ ಎಂದು ಒಬ್ಬ ಗುಮಾಸ್ತ ಪಟ್ಟುಹಿಡಿದು ಕೇಳಿದ್ದರೆ ಮೊದಲ ಕಂತಿಗೇ ವಿಷಯ ಬಯಲಾಗುತ್ತಿತ್ತು. ಅಧ್ಯಕ್ಷರ ಪ್ರಭಾವದ ಎದುರು, ತಾರೆಗಳ ಜಾಹೀರಾತಿನ ಬೆಳಕಿನಲ್ಲಿ, ಅಂಥ ಪ್ರಶ್ನೆ ಕೇಳಲು ನಾಲಗೆ ಏಳುವುದು ಕಷ್ಟ. ಭ್ರಮೆ ಕೆಲಸ ಮಾಡುವುದು ಹೀಗೆ.

ಹೊರದೇಶದ ತಿಜೋರಿ

ಇದು ಹಿಂದುಳಿದ ದೇಶದ ಹಳೆಯ ಕತೆಯೆಂದು ಯಾರೂ ಸಮಾಧಾನಪಡಬೇಕಾಗಿಲ್ಲ. ಇಪ್ಪತ್ತು ವರ್ಷಗಳ ಬಳಿಕ ಅಮೆರಿಕದಲ್ಲಿ ಅದೇ ನಾಟಕ ದೊಡ್ಡ ರಂಗದಲ್ಲಿ ನಡೆಯಿತು. ಎಫ್‌ಟಿಎಕ್ಸ್ ಎಂಬ ಕ್ರಿಪ್ಟೋ ವಿನಿಮಯ ಕೇಂದ್ರ ಕ್ರೀಡಾತಾರೆಗಳಿಂದ ಜಾಹೀರಾತು ಮಾಡಿಸಿತು, ಮಯಾಮಿಯ ಕ್ರೀಡಾಂಗಣಕ್ಕೆ ತನ್ನ ಹೆಸರಿಟ್ಟಿತು. ಎರಡೂ ಮುಖ್ಯ ಪಕ್ಷಗಳ ರಾಜಕಾರಣಿಗಳಿಗೆ ಅದರ ಬಳಗದಿಂದ ದೇಣಿಗೆ ಹೋಯಿತು. 2022ರ ನವೆಂಬರಿನಲ್ಲಿ ಅದು ದಿವಾಳಿಯಾದಾಗ ಗ್ರಾಹಕರ ಖಾತೆಗಳಲ್ಲಿ ಇದೆಯೆಂದು ತೋರಿಸಿದ ಶತಕೋಟಿಗಟ್ಟಲೆ ಡಾಲರು ಒಡೆಯನದೇ ಇನ್ನೊಂದು ಸಂಸ್ಥೆಗೆ ಹರಿದಿತ್ತು. ಅವನಿಗೆ 2024ರ ಮಾರ್ಚಿನಲ್ಲಿ 25 ವರ್ಷಗಳ ಶಿಕ್ಷೆಯಾಯಿತು. ಅಲ್ಲಿ ನ್ಯಾಯ ಬೇಗ ನಡೆಯಿತೆಂಬುದು ನಿಜ. ಆದರೆ ಹಣ ಇಟ್ಟ ವಿದ್ಯಾವಂತರು ನಾಗಪುರದ ನಿರ್ದೇಶಕರಷ್ಟೇ ನಿರಾಯಾಸವಾಗಿ ಆ ಒಂದು ಪ್ರಶ್ನೆಯನ್ನು ಬಿಟ್ಟಿದ್ದರು.

ಭಾರತದ ತಂತ್ರಜ್ಞಾನ ಲೋಕಕ್ಕೂ ತನ್ನದೇ ಪಾಠವಿದೆ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸಿನ ಅಧ್ಯಕ್ಷರು ಬರೆದ ಪತ್ರದಿಂದ, ಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನ ಪೈಕಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಲೋಕಕ್ಕೆ ತಿಳಿಯಿತು. ಠೇವಣಿಯ ರಸೀದಿಗಳು ಕೃತಕವಾಗಿದ್ದವು. ಬ್ಯಾಂಕುಗಳಿಂದ ನೇರವಾಗಿ ಬರಬೇಕಾದ ದೃಢೀಕರಣವನ್ನು ಸಂಸ್ಥೆಯ ಕೈಯಿಂದಲೇ ಪಡೆದ ಲೆಕ್ಕಪರಿಶೋಧಕರು ತಮ್ಮ ವೃತ್ತಿಗೇ ಕಳಂಕ ತಂದರು. ಕಾವಲುಗಾರನೂ ಭ್ರಮೆಗೆ ಒಳಗಾಗುವನೆಂಬುದನ್ನು ಆ ವೃತ್ತಿ ಮರೆಯಬಾರದು.

ವ್ಯಕ್ತಿಗಳ ಮಾತಿರಲಿ, ರಾಷ್ಟ್ರಗಳೂ ಈ ಪ್ರಶ್ನೆಗೆ ತಲೆಬಾಗಬೇಕಾಗಿದೆ. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ದಂಡೆತ್ತಿದ ಮೇಲೆ, ರಷ್ಯಾದ ಕೇಂದ್ರ ಬ್ಯಾಂಕು ಹೊರದೇಶಗಳಲ್ಲಿ ಇಟ್ಟಿದ್ದ ಸುಮಾರು 300 ಶತಕೋಟಿ ಡಾಲರಿನಷ್ಟು ಆಸ್ತಿಯನ್ನು ಪಾಶ್ಚಾತ್ಯ ರಾಷ್ಟ್ರಗಳು ತಡೆಹಿಡಿದವು. ಆ ಯುದ್ಧದ ನ್ಯಾಯಾನ್ಯಾಯ ಬೇರೆ ಚರ್ಚೆ. ಲೆಕ್ಕದ ದೃಷ್ಟಿಯಿಂದ ತಿಳಿದುಬಂದದ್ದು ಇಷ್ಟು: ಪುಸ್ತಕದಲ್ಲಿ ರಷ್ಯಾದ ಹೆಸರಿದ್ದ ಸಂಪತ್ತು ಬೇರೆಯವರ ಇಚ್ಛೆಗೆ ಒಳಪಟ್ಟಿತ್ತು. ಭಾರತಕ್ಕೂ ತಿಜೋರಿಯ ನೆನಪು ಕಹಿಯಾದದ್ದೇ. 1991ರಲ್ಲಿ ವಿದೇಶಿ ವಿನಿಮಯ ಬರಿದಾದಾಗ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರಗೆ ಕಳುಹಿಸಿ ಅಡವಿಡಬೇಕಾಯಿತು. 2023-24ರಲ್ಲಿ ಅದೇ ಬ್ಯಾಂಕು ಬ್ರಿಟನ್ನಿನಿಂದ ಸುಮಾರು 100 ಟನ್ ಚಿನ್ನವನ್ನು ದೇಶದೊಳಕ್ಕೆ ತಂದಿತು. 2024ರ ಮಾರ್ಚ್ ಅಂತ್ಯಕ್ಕೆ ಒಟ್ಟು 822 ಟನ್ನಿನಲ್ಲಿ 408 ಟನ್ ದೇಶದ ತಿಜೋರಿಗಳಲ್ಲಿತ್ತು. ಒಡೆತನ ಬದಲಾಗಲಿಲ್ಲ, ವಶ ಬದಲಾಯಿತು. ಅಷ್ಟಕ್ಕಾಗಿಯೇ ಅಷ್ಟು ಭಾರವನ್ನು ಸಮುದ್ರದಾಚೆಯಿಂದ ಹೊತ್ತು ತರಲಾಯಿತು.

ಯಂತ್ರದ ಗುಣ, ಯಂತ್ರದ ಮಿತಿ

ತಂತ್ರಜ್ಞಾನವನ್ನು ಹಳಿಯುವುದು ಈಗ ಒಂದು ಫ್ಯಾಷನ್ ಆಗಿದೆ, ಅದೂ ನ್ಯಾಯವಲ್ಲ. 2002ರ ಪ್ರಸಂಗದ ಬಳಿಕ ಸರ್ಕಾರಿ ಸಾಲಪತ್ರಗಳನ್ನು ಕಾಗದದ ರೂಪದಲ್ಲಿ ಇಟ್ಟುಕೊಳ್ಳುವ ರೂಢಿಯನ್ನು ರಿಸರ್ವ್ ಬ್ಯಾಂಕು ನಿಲ್ಲಿಸಿ, ಡಿಮ್ಯಾಟ್ ರೂಪವನ್ನು ತನ್ನ ಅಧೀನದ ಸಂಸ್ಥೆಗಳಿಗೆ ಕಡ್ಡಾಯಗೊಳಿಸಿತು. 2021ರ ನವೆಂಬರಿನಲ್ಲಿ ಆರಂಭವಾದ ರಿಟೇಲ್ ಡೈರೆಕ್ಟ್ ವ್ಯವಸ್ಥೆಯಲ್ಲಿ ಸಾಮಾನ್ಯ ಗೃಹಸ್ಥನೂ ದಲ್ಲಾಳಿಯ ಹಂಗಿಲ್ಲದೆ ರಿಸರ್ವ್ ಬ್ಯಾಂಕಿನಲ್ಲೇ ಖಾತೆ ತೆರೆದು ಸಾಲಪತ್ರ ಕೊಳ್ಳಬಹುದು. 2023ರಲ್ಲಿ ಬಂದ ಉದ್ಗಮ್ ಜಾಲತಾಣದಲ್ಲಿ ತೀರಿಹೋದ ಹಿರಿಯರ ಹೆಸರಿನಲ್ಲಿ ಮರೆತುಹೋದ ಠೇವಣಿಗಳನ್ನು ಹುಡುಕಬಹುದು. ಊರು ಬಿಟ್ಟು ಬಂದ ಕುಟುಂಬಗಳಿಗೆ ಇದು ಬಹಳ ಉಪಯುಕ್ತ. ಅಜ್ಜನ ಹಳೆಯ ಪಾಸ್‌ಬುಕ್ಕು ಯಾವ ಊರಿನ ಯಾವ ಶಾಖೆಯದೆಂದು ತಿಳಿಯದೆ ಕೈಬಿಟ್ಟವರು ಒಮ್ಮೆ ಅಲ್ಲಿ ನೋಡಬೇಕು. ಈ ಮೂರು ಕಡೆಯೂ ಯಂತ್ರ ವಸ್ತುವನ್ನು ಅದರ ಒಡೆಯನಿಗೆ ಹತ್ತಿರ ತಂದಿದೆ.

ಅದೇ ಯಂತ್ರ ಅಧಿಕಾರದ ವೇಷವನ್ನೂ ತೊಡಬಲ್ಲದು. 2024ರಲ್ಲಿ ಲೂಧಿಯಾನದ ಹಿರಿಯ ಉದ್ಯಮಿಯೊಬ್ಬರಿಗೆ ವಂಚಕರು ಪರದೆಯ ಮೇಲೆ ಸುಳ್ಳು ನ್ಯಾಯಾಲಯವನ್ನೇ ನಡೆಸಿ ತೋರಿಸಿದರು. ಮುಖ್ಯ ನ್ಯಾಯಮೂರ್ತಿಯ ಹೆಸರಿನಲ್ಲಿ ಆಜ್ಞೆ ಹೊರಡಿಸಿ 7 ಕೋಟಿ ರೂಪಾಯಿ ಕಸಿದರು. ಡಿಜಿಟಲ್ ಅರೆಸ್ಟ್ ಎಂಬ ವಿಧಾನವೇ ಭಾರತದ ಕಾನೂನಿನಲ್ಲಿಲ್ಲ. ಆ ಉದ್ಯಮಿ ವ್ಯವಹಾರ ತಿಳಿಯದವರಲ್ಲ, ದೊಡ್ಡ ಉದ್ಯಮವನ್ನು ಕಟ್ಟಿ ಬೆಳೆಸಿದವರು. ಅವರಿಂದ ಹಣ ಕೀಳಲು ವಂಚಕರು ಬಳಸಿದ್ದು ಅಧಿಕಾರದ ಎದುರು ಜನರಿಗಿರುವ ಭಯ. ಸಮವಸ್ತ್ರವನ್ನು ಕಂಡೊಡನೆ ಪ್ರಶ್ನಿಸುವುದನ್ನು ನಿಲ್ಲಿಸುವ ಅಭ್ಯಾಸ ಇರುವತನಕ ಯಂತ್ರದ ಹೊಸ ಹೊಸ ರೂಪಗಳು ಆ ಅಭ್ಯಾಸವನ್ನೇ ಬಳಸಿಕೊಳ್ಳುತ್ತವೆ.

ನ್ಯಾಸಾಪಹಾರ

ಈ ವಿಷಯ ಶ್ರಾವಕಧರ್ಮಕ್ಕೆ ಹೊಸದೇನಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಎರಡು ನೇರವಾಗಿ ಲೆಕ್ಕದ ಮನೆಗೆ ಸೇರಿದವು: ಸುಳ್ಳು ಪತ್ರ ಬರೆಯುವ ಕೂಟಲೇಖಕ್ರಿಯೆ ಮತ್ತು ಇಟ್ಟ ಠೇವಣಿಯನ್ನು ಅಪಹರಿಸುವ ನ್ಯಾಸಾಪಹಾರ. ನ್ಯಾಸಾಪಹಾರವನ್ನು ವ್ಯಾಖ್ಯಾನಕಾರರು ವಿವರಿಸುವ ರೀತಿ ಗಮನಾರ್ಹ. ಹಣ ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಅಷ್ಟೇ ಸರಿಯೆಂದು ಒಪ್ಪಿ ಕೊಟ್ಟರೆ ಅದು ದೋಷ. ಯಾರೂ ಬೀಗ ಒಡೆಯಲಿಲ್ಲ, ಯಾರೂ ಜಗಳವಾಡಲಿಲ್ಲ; ಆದರೂ ಸತ್ಯವ್ರತಕ್ಕೆ ಭಂಗ ಬಂತು. ಕಳವಿನ ಪಟ್ಟಿಯಲ್ಲಿ ಇಡಬಹುದಾಗಿದ್ದ ಈ ದೋಷವನ್ನು ಆಚಾರ್ಯರು ಸತ್ಯದ ಪಟ್ಟಿಯಲ್ಲಿ ಇಟ್ಟರು. ಇನ್ನೊಬ್ಬರ ಹಣ ಕೈಯಲ್ಲಿರುವಾಗ ಲೆಕ್ಕ ಹೇಳದೆ ಸುಮ್ಮನಿರುವುದೇ ಒಂದು ಸುಳ್ಳು ಎಂಬುದು ಅದರ ತಾತ್ಪರ್ಯ.

ಸಮಾಜದ ಕಪಾಟು

ಇಷ್ಟರವರೆಗೆ ಪ್ರಶ್ನೆಯನ್ನು ಬೇರೆಯವರಿಗೆ ಕೇಳಿದ್ದಾಯಿತು. 2011ರ ಜನಗಣತಿಯ ಪ್ರಕಾರ ಜೈನರ ಸಂಖ್ಯೆ ದೇಶದಲ್ಲಿ 44.5 ಲಕ್ಷ. 2014ರ ಜನವರಿಯಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನಮಾನವೂ ದೊರೆತಿದೆ. ಚಿಕ್ಕ ಸಮಾಜ ದೊಡ್ಡ ಮರದ ನೆರಳನ್ನು ಹುಡುಕುವುದು ಸಹಜ. ಆದುದರಿಂದಲೇ ಪಂಚಕಲ್ಯಾಣವಿರಲಿ, ವಿದ್ಯಾರ್ಥಿನಿಲಯದ ಉದ್ಘಾಟನೆಯಿರಲಿ, ವೇದಿಕೆಯ ಮಧ್ಯದ ಕುರ್ಚಿ ಶಾಸಕರಿಗೆ, ಸಚಿವರಿಗೆ ಮೀಸಲು. ಶಾಲು, ಪೇಟ, ಹಾರ, ಛಾಯಾಚಿತ್ರ, ಮರುದಿನ ಮನವಿಪತ್ರ. ಗೌರವ ತೋರಿಸುವುದು ತಪ್ಪಲ್ಲ. ಕಾನೂನು ಕೊಟ್ಟ ಸೌಲಭ್ಯವನ್ನು ಅರ್ಜಿ ಹಾಕಿ ಪಡೆಯುವುದು ಹಕ್ಕು. ಆದರೆ ಆ ಸ್ನೇಹದ ಹಿಂದೆಯೇ ಸಂಸ್ಥೆಯ ಠೇವಣಿ, ಸ್ನೇಹಿತರು ನಡೆಸುವ ಸಹಕಾರಿ ಬ್ಯಾಂಕಿಗೆ ಮೆಲ್ಲನೆ ನಡೆದುಹೋದರೆ ನಾಗಪುರದ ಕತೆ ಬಸದಿಯ ಅಂಗಳಕ್ಕೆ ಬರುತ್ತದೆ.

ಕಾನೂನು ಪಾಲಿಸಿದರೆ ಸಾಕೆಂದು ಕೆಲವು ವಿಶ್ವಸ್ಥರು ಹೇಳುವುದುಂಟು. 1961ರ ಆದಾಯ ತೆರಿಗೆ ಕಾಯ್ದೆಯ 11(5)ನೆಯ ಕಲಮು ಧರ್ಮಸಂಸ್ಥೆಗಳ ಹೂಡಿಕೆಗೆ ಒಪ್ಪಿದ ಮಾರ್ಗಗಳನ್ನು ಪಟ್ಟಿಮಾಡಿತು. ಅದರಲ್ಲಿ ಸಹಕಾರಿ ಬ್ಯಾಂಕಿನ ಠೇವಣಿಯೂ ಸೇರಿತ್ತು. ಕಾನೂನು ಒಪ್ಪಿದ್ದೆಲ್ಲ ಸುರಕ್ಷಿತವೆಂದು ಅದರ ಅರ್ಥವಲ್ಲ. 2020ರ ಫೆಬ್ರವರಿಯಿಂದ ಠೇವಣಿ ವಿಮೆಯ ಮಿತಿ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿ. ವಿಮೆಯ ಕಣ್ಣಿಗೆ 50 ಲಕ್ಷ ಇಟ್ಟ ಟ್ರಸ್ಟೂ ಒಬ್ಬ ಠೇವಣಿದಾರನೇ. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಹಿಂಪಡೆಯುವ ಮಿತಿಯನ್ನು 35,000 ರೂಪಾಯಿಗೆ ಇಳಿಸಿದಾಗ ನಿವೃತ್ತಿಯ ಹಣವನ್ನೆಲ್ಲ ಅಲ್ಲಿಯೇ ಇಟ್ಟಿದ್ದ ವೃದ್ಧರು ಬಾಗಿಲಲ್ಲಿ ಸಾಲು ನಿಂತದ್ದನ್ನು ಕರ್ನಾಟಕದ ಜನ ಕಂಡಿದ್ದಾರೆ.

ಊರು ಬಿಟ್ಟ ಕುಟುಂಬಗಳ ಜವಾಬ್ದಾರಿ ಇಲ್ಲಿ ಹೆಚ್ಚು. ನಾಗಪುರದಿಂದ, ಪುಣೆಯಿಂದ, ಹೊರದೇಶಗಳಿಂದ ಹುಟ್ಟೂರಿನ ಬಸದಿಗೆ, ವಿದ್ಯಾರ್ಥಿವೇತನ ನಿಧಿಗೆ ಹಣ ಹೋಗುತ್ತದೆ. ಕೊಟ್ಟವರು ದೂರದಲ್ಲಿದ್ದಾರೆ, ರಸೀದಿಯಲ್ಲಿ ಹೆಸರು ಬಂದರೆ ತೃಪ್ತರು. ಇಟ್ಟವನು ಮೊತ್ತವನ್ನು ಮರೆಯುವ ನ್ಯಾಸಾಪಹಾರದ ದೃಷ್ಟಾಂತಕ್ಕೆ ಇದಕ್ಕಿಂತ ಹತ್ತಿರದ ಸನ್ನಿವೇಶ ಬೇರೊಂದಿಲ್ಲ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಪ್ರತಿ ಸಂಸ್ಥೆಯೂ ವಾರ್ಷಿಕ ಸಭೆಗೆ ಮುನ್ನ ಅಢಾವೆ ಪತ್ರಿಕೆಯನ್ನು ಸದಸ್ಯರಿಗೂ ದಾನಿಗಳಿಗೂ ಕಳುಹಿಸಲಿ; ಜೊತೆಗೆ ಠೇವಣಿಗಳು ಯಾವ ಬ್ಯಾಂಕಿನಲ್ಲಿ, ಎಷ್ಟು, ಎಂದಿಗೆ ಮುಗಿಯುತ್ತವೆ ಎಂಬ ಒಂದು ಪುಟದ ಪಟ್ಟಿ ಇರಲಿ. ಲೆಕ್ಕಪರಿಶೋಧಕರು ಬ್ಯಾಂಕಿನ ದೃಢೀಕರಣವನ್ನು ಬ್ಯಾಂಕಿನಿಂದಲೇ ಪಡೆಯಲಿ; ಕಾರ್ಯದರ್ಶಿಯ ಕೈಯಿಂದ ಬಂದ ಪ್ರತಿಯನ್ನು ಒಪ್ಪದಿರಲಿ. ಬಾಹ್ಯ ದೃಢೀಕರಣದ ಕುರಿತಾದ 505ನೆಯ ಲೆಕ್ಕಪರಿಶೋಧನಾ ಮಾನದಂಡದ ಸಾರವೂ ಇದೇ. ವಿಶ್ವಸ್ಥರಲ್ಲಿ ಯಾರಾದರೂ ನಿರ್ದೇಶಕರಾಗಿರುವ ಬ್ಯಾಂಕಿನಲ್ಲಿ ಅಥವಾ ಸೊಸೈಟಿಯಲ್ಲಿ ಹಣ ಇಡುವ ನಿರ್ಣಯವಾದರೆ ಅವರು ಆ ಸಭೆಯಿಂದ ಹೊರಗಿರಲಿ, ಅದು ನಡವಳಿಯಲ್ಲಿ ದಾಖಲಾಗಲಿ. ರಸೀದಿಯ ಮೂಲಪ್ರತಿಗಳನ್ನು ವರ್ಷಕ್ಕೊಮ್ಮೆ ಇಬ್ಬರು ಸಾಮಾನ್ಯ ಸದಸ್ಯರು, ಅವರಲ್ಲಿ ಒಬ್ಬರು ಮಹಿಳೆ, ಎಣಿಸಿ ಸಹಿ ಮಾಡಲಿ. ಕುಟುಂಬಗಳಲ್ಲಿ ಪೈಸೆ ಪೈಸೆಯ ಲೆಕ್ಕ ಇಡುವವರು ಬಹಳ ಕಡೆ ಅವರೇ. ಸಂಸ್ಥೆಯ ಕಪಾಟಿನ ಬೀಗದ ಕೈ ಮಾತ್ರ ಅವರಿಗೆ ಸಿಕ್ಕಿಲ್ಲ.

ಈ ಸಮಾಜಕ್ಕೆ ಮಾದರಿಗಳ ಕೊರತೆಯಿಲ್ಲ. 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿ, ಅದರ ವಿದ್ಯಾರ್ಥಿನಿಲಯಗಳು ಎರಡೂ ಭಾಷೆಯ ಮಕ್ಕಳಿಗೆ ಆಸರೆಯಾದವು. ಅದರ ಮುಂದಾಳುಗಳಲ್ಲಿ ಒಬ್ಬರಾದ ಅಣ್ಣಾಸಾಹೇಬ ಲಠ್ಠೆಯವರು 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಸಚಿವರಾದದ್ದು ಸಂಸ್ಥೆಗಳು ನೆಲೆನಿಂತ ಬಹುಕಾಲದ ಮೇಲೆ. ಕುಂಭೋಜದಲ್ಲಿ ಹುಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದಾಗ ಮನೆಮನೆಯ ಹೆಣ್ಣುಮಕ್ಕಳು ತೆಗೆದಿರಿಸಿದ ಮುಷ್ಟಿ ಧಾನ್ಯವೂ ಅದರ ಬಂಡವಾಳವಾಯಿತು. ಪತ್ನಿ ಲಕ್ಷ್ಮೀಬಾಯಿಯವರ ಒಡವೆಗಳು ವಿದ್ಯಾರ್ಥಿಗಳ ಊಟಕ್ಕೆ ಕರಗಿದವು. ಆ ಧಾನ್ಯ ಎಲ್ಲಿ ಹೋಯಿತೆಂದು ಯಾರೂ ಕೇಳಬೇಕಾಗಲಿಲ್ಲ, ಏಕೆಂದರೆ ಅದನ್ನು ಉಂಡ ಮಕ್ಕಳು ಊರವರ ಕಣ್ಣೆದುರಿಗೇ ಓದುತ್ತಿದ್ದರು. ಸಂಸ್ಥೆ ಬೆಳೆದು ದೂರವಾದಾಗ ಕಣ್ಣಿನ ಕೆಲಸವನ್ನು ಲೆಕ್ಕದ ಪುಸ್ತಕ ಮಾಡಬೇಕು. ಆ ಪುಸ್ತಕವನ್ನು ತೆರೆದು ಓದುವವರು ಬೇಕು.

ದಿಲ್ಲಿಯನ್ನಾಗಲಿ ಮುಂಬಯಿಯನ್ನಾಗಲಿ ವಾಷಿಂಗ್ಟನ್ನನ್ನಾಗಲಿ ತಿದ್ದುವುದು ಈ ಸಭೆಯಲ್ಲಿ ಕುಳಿತವರ ಕೈಯಲ್ಲಿಲ್ಲ. ಮತ ಹಾಕಬಹುದು, ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಅದನ್ನು ಬಿಡಬಾರದು. ಹುಟ್ಟೂರಿನ ಬಸದಿಯ ಒಂದು ಪುಟದ ಠೇವಣಿ ಪಟ್ಟಿಯನ್ನು ತರಿಸಿಕೊಳ್ಳುವುದು ಮಾತ್ರ ಪೂರ್ಣವಾಗಿ ಸ್ವಂತ ವಶದಲ್ಲಿರುವ ಕೆಲಸ. ಮುಂದಿನ ದೀಪಾವಳಿಗೆ, ಭಗವಾನ್ ಮಹಾವೀರರ ನಿರ್ವಾಣೋತ್ಸವಕ್ಕೆ, ಊರಿಗೆ ದೇಣಿಗೆ ಕಳುಹಿಸುವಾಗ ಪ್ರತಿ ಕುಟುಂಬವೂ ಅದರೊಂದಿಗೆ ಒಂದು ಸಾಲಿನ ಪತ್ರವನ್ನು ಕಳುಹಿಸಲಿ: ಕಳೆದ ವರ್ಷದ ಲೆಕ್ಕವನ್ನು ದಯವಿಟ್ಟು ಕಳುಹಿಸಿಕೊಡಬೇಕು. ಪತ್ರ ತಲುಪಿದ ಊರಿನ ವಿಶ್ವಸ್ಥರಲ್ಲಿ ಬಹುಪಾಲು ಪ್ರಾಮಾಣಿಕರೇ ಇರುತ್ತಾರೆ. ಬಹಳ ವರ್ಷಗಳ ಬಳಿಕ ಯಾರೋ ಲೆಕ್ಕ ಕೇಳಿದರೆಂದು ಅವರಿಗೇ ಮೊದಲು ಸಂತೋಷವಾಗುತ್ತದೆ.

ಜೈ ಜಿನೇಂದ್ರ.